ಜ್ವರ ಇಳಿಯುತ್ತದೆ, ಡಿಸೆಂಡ್ ಆಗುವುದಿಲ್ಲ

ಕಳೆದ ತಿಂಗಳು ಒಂದೇ ಒಂದು ಇಂಗ್ಲಿಷ್ ಪದ ಕೊಟ್ಟು ಪ್ರಶ್ನೆ ಕಳಿಸಿ ಅಂದಿದ್ದೆವು. ಪದ 'ಡಿಸೆಂಡ್'. ಅದರ ನಾಮಪದ 'ಡಿಸೆಂಟ್'. ವ್ಯಾಕರಣದ ಪ್ರಶ್ನೆಗಳು ಬರುತ್ತವೆ ಅಂದುಕೊಂಡಿದ್ದರೆ ವಿಮಾನ, ತೆರಿಗೆ, ಸ್ಕ್ಯಾನಿಂಗ್ ರಿಪೋರ್ಟ್, ದುಬೈಯಲ್ಲಿ ಹುಟ್ಟಿದ ಮಗು ಎಲ್ಲವೂ ಬಂದವು. ಜಾಗ ಇದ್ದಷ್ಟಕ್ಕೆ ಉತ್ತರಿಸಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಬ್ಬ ಹುಡುಗ ರಜಾ ಚೀಟಿಯಲ್ಲಿ 'ಮೈ ಫೀವರ್ ಹ್ಯಾಸ್ ನಾಟ್ ಡಿಸೆಂಡೆಡ್' ಅಂತ ಬರೆದಿದ್ದ. ತಪ್ಪು ಅಂದರೆ ಡಿಕ್ಷನರಿ ತಂದು ತೋರಿಸಿದ. ಅದರಲ್ಲಿ 'ಇಳಿ' ಅಂತಲೇ ಇದೆ. ಏನು ಹೇಳಲಿ?
— ಶಿಕ್ಷಕಿ, ಚನ್ನರಾಯಪಟ್ಟಣ

ಹುಡುಗ ಜಾಣ, ಮೊದಲು ಅದನ್ನು ಒಪ್ಪಿಕೊಳ್ಳಿ. ಡಿಕ್ಷನರಿಯೂ ಸುಳ್ಳು ಹೇಳಿಲ್ಲ. ತೊಂದರೆ ಇರುವುದು ನಮ್ಮ 'ಇಳಿ'ಯಲ್ಲಿ. ಅದಕ್ಕೆ ಕೆಲಸ ವಿಪರೀತ ಜಾಸ್ತಿ.

ನೋಡಿ, ನಾವು ಬಸ್ ಇಳಿಯುತ್ತೇವೆ, ಊರಿಗೆ ಹೋದರೆ ಲಾಡ್ಜಿನಲ್ಲಿ ಇಳಿದುಕೊಳ್ಳುತ್ತೇವೆ, ಒಲೆ ಮೇಲಿನ ಸಾರು ಇಳಿಸುತ್ತೇವೆ, ಚುನಾವಣೆ ಬಂದರೆ ಕಣಕ್ಕಿಳಿಯುತ್ತೇವೆ, ಸಿಟ್ಟು ಬಂದರೆ ಬೀದಿಗಿಳಿಯುತ್ತೇವೆ. ಈರುಳ್ಳಿ ಬೆಲೆ ಇಳಿಯುತ್ತದೆ, ಮೈ ಇಳಿಯುತ್ತದೆ, ಜ್ವರ ಇಳಿಯುತ್ತದೆ. ಇಷ್ಟರಲ್ಲಿ ಒಂದಕ್ಕೂ ಇಂಗ್ಲಿಷಿನವರು ಸಾಮಾನ್ಯವಾಗಿ ಡಿಸೆಂಡ್ ಬಳಸುವುದಿಲ್ಲ. ಬಸ್ಸಿನಿಂದ 'ಗೆಟ್ ಆಫ್', ನಮ್ಮ ದೇಶದಲ್ಲಾದರೆ 'ಗೆಟ್ ಡೌನ್'. ಲಾಡ್ಜಿನಲ್ಲಿ 'ಸ್ಟೇ'. ಬೆಲೆ 'ಫಾಲ್' ಆಗುತ್ತದೆ, ಜ್ವರ 'ಕಮ್ ಡೌನ್' ಆಗುತ್ತದೆ, ತೂಕವನ್ನು 'ಲೂಸ್' ಮಾಡಿಕೊಳ್ಳುತ್ತಾರೆ. ಕುಡಿದವನ ಅಮಲು ಇಳಿಯುವುದಂತೂ ಅವರಿಗೆ ಇಳಿಯುವುದೇ ಅಲ್ಲ, ಅದು 'ಸೋಬರ್ ಅಪ್'. ಮೇಲಕ್ಕೇ ಹೋಗುತ್ತದೆ!

ಡಿಸೆಂಡ್‌ಗೆ ಸ್ವಲ್ಪ ಗತ್ತು ಇದೆ. ಬೆಟ್ಟ, ಮೆಟ್ಟಿಲು, ಏಣಿ, ಗಣಿ, ವಿಮಾನ ಇಂಥ ಕಡೆ, ಅದೂ ಬರಹದಲ್ಲಿ, ವರದಿಯಲ್ಲಿ, ಕತೆಯಲ್ಲಿ ಬರುತ್ತದೆ. ಮನೆಯಲ್ಲಿ ಮಾತಾಡುವಾಗ ಅವರೂ 'ಗೋ ಡೌನ್', 'ಕಮ್ ಡೌನ್' ಅಂತಲೇ ಅನ್ನುತ್ತಾರೆ. ಸಿಟಿ ಬಸ್ಸಿನಲ್ಲಿ ನಿಂತುಕೊಂಡು 'ಐ ವಾಂಟ್ ಟು ಡಿಸೆಂಡ್' ಅಂದರೆ ವ್ಯಾಕರಣ ಸರಿಯೇ ಇದೆ, ಆದರೆ ಕಂಡಕ್ಟರ್ ನಿಮ್ಮನ್ನು ಮಹಾರಾಜರ ಕಡೆಯವರು ಅಂದುಕೊಳ್ಳಬಹುದು. ಇನ್ನೊಂದು ವಿಷಯ, ಮೆಟ್ಟಿಲು ಇಳಿಯುವುದಕ್ಕೆ ನಡುವೆ 'ಫ್ರಮ್' ಬೇಕಿಲ್ಲ. 'ಶಿ ಡಿಸೆಂಡೆಡ್ ದ ಸ್ಟೇರ್ಸ್', ಅಷ್ಟೇ. ನಾವು 'ಮೆಟ್ಟಿಲಿಂದ ಇಳಿದಳು' ಅನ್ನೋ ಗುಂಗಿನಲ್ಲಿ ಸುಮ್ನೆ 'ಫ್ರಮ್' ಸೇರಿಸುತ್ತೇವೆ.

ಹಾಗಂತ ಎರಡೂ ಭಾಷೆ ಎಲ್ಲಿಯೂ ಸೇರುವುದಿಲ್ಲ ಅಂತಲ್ಲ. 'ಅವನ ಮಟ್ಟಕ್ಕೆ ಇಳಿಯಬೇಡ' ಅನ್ನುವುದು ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಕತ್ತಲೂ ಅಲ್ಲಿ ಡಿಸೆಂಡ್ ಆಗುತ್ತದೆ. ಇನ್ನು ನನಗೆ ತುಂಬಾ ಇಷ್ಟವಾದದ್ದು 'ಡಿಸೆಂಡ್ ಆನ್'. ಹೇಳದೆ ಕೇಳದೆ ಹತ್ತು ಜನ ನೆಂಟರು ಬಂದರೆ 'ದೇ ಡಿಸೆಂಡೆಡ್ ಆನ್ ಅಸ್'. ಇದಕ್ಕೆ ನಮ್ಮಲ್ಲಿ 'ಇಳಿದರು' ಸಾಕಾಗುವುದಿಲ್ಲ. 'ವಕ್ಕರಿಸಿದರು' ಅಂದರೆ ಸರಿಯಾಗಿ ಕೂರುತ್ತದೆ. ನಿಮ್ಮ ಹುಡುಗನಿಗೆ ಇದನ್ನು ಹೇಳಿಕೊಡಿ, ಬೇಗ ನೆನಪಿಟ್ಟುಕೊಳ್ಳುತ್ತಾನೆ.

ಮದುವೆ ಬಯೋಡಾಟಾದಲ್ಲಿ 'ಡೀಸೆಂಟ್ ಫ್ಯಾಮಿಲಿ' ಅಂತ ಬರೆಯುವಾಗ ಸ್ಪೆಲಿಂಗ್ ಯಾವುದು? ನಮ್ಮ ಬ್ರೋಕರ್ ಒಂದು ಹಾಕಿದ್ದಾರೆ, ಪ್ರಿಂಟಿಂಗ್ ಪ್ರೆಸ್ಸಿನವರು ಇನ್ನೊಂದು.
— ಓದುಗರು, ಹಾವೇರಿ

ಮೂರು ಪದಗಳಿವೆ, ಗಲಿಬಿಲಿ ಸಹಜ. ನಿಮಗೆ ಬೇಕಾದದ್ದು ಡಿ-ಇ-ಸಿ-ಇ-ಎನ್-ಟಿ. ಮರ್ಯಾದಸ್ಥರು ಅಂತ ಅರ್ಥ, 'ಡೀ' ಮೇಲೆ ಒತ್ತು. ಮಧ್ಯೆ ಒಂದು ಎಸ್ ನುಗ್ಗಿದರೆ ಇಳಿಯುವ ಕುಟುಂಬ ಆಗುತ್ತದೆ. ಡಿ-ಐ-ಎಸ್-ಎಸ್-ಇ-ಎನ್-ಟಿ ಅಂತ ಹಾಕಿದರೆ ಇನ್ನೂ ಕಷ್ಟ, ಅದು ಭಿನ್ನಮತ. 2023ರ ಜನವರಿ 2ರಂದು ನೋಟು ರದ್ದತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ ನಿಂತಾಗ ಬಿ.ವಿ. ನಾಗರತ್ನ ಅವರು ಬೇರೆಯಾಗಿ ಬರೆದರಲ್ಲ, ಆ 'ಡಿಸೆಂಟ್' ಇದು. ಉಚ್ಚಾರದಲ್ಲಿ ಇಳಿಯುವ ಡಿಸೆಂಟ್‌ಗೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಕಾಗುಣಿತ ನೋಡಿಯೇ ತಿಳಿಯಬೇಕು. ಬೀಗರಾಗುವವರಿಗೆ ಭಿನ್ನಮತದ ಕುಟುಂಬ ಅಂತ ಮೊದಲೇ ತಿಳಿಸುವುದು ಪ್ರಾಮಾಣಿಕತೆ ಇರಬಹುದು, ಆದರೂ ಪ್ರೆಸ್ಸಿಗೆ ಕೊಡುವ ಮೊದಲು ತಿದ್ದಿಸಿ.

ಮಗಳನ್ನು ನೋಡಲು ಬೆಂಗಳೂರಿನಿಂದ ದುಬೈಗೆ ಹೊರಟಿದ್ದೇನೆ. ಹೋದ ಸಲ ವಿಮಾನದಲ್ಲಿ 'ಡಿಸೆಂಟ್' ಅಂತ ಅನೌನ್ಸ್ ಮಾಡಿದ ಮೇಲೆ ಕಿವಿ ಕಟ್ಟಿಕೊಂಡು ಕಣ್ಣಲ್ಲಿ ನೀರು ಬಂತು. ಅನೌನ್ಸ್ ಮಾಡಿ ಎಷ್ಟು ಹೊತ್ತಾದರೂ ನೆಲ ಕಾಣಲಿಲ್ಲ. ಯಾಕೆ?
— ಗೃಹಿಣಿ, ಮೈಸೂರು

ಅಮ್ಮಾ, ವಿಮಾನದ ಭಾಷೆಯಲ್ಲಿ ಡಿಸೆಂಟ್ ಅಂದರೆ ನೆಲ ಮುಟ್ಟುವುದಲ್ಲ, ಇಳಿಯಲು ಶುರು ಮಾಡುವುದು. ಮುಟ್ಟುವುದು ಲ್ಯಾಂಡಿಂಗ್. ಎರಡರ ನಡುವೆ ಸಾಮಾನ್ಯವಾಗಿ ಸುಮಾರು ಅರ್ಧ ಗಂಟೆ ಇರುತ್ತದೆ. ಪೈಲಟ್‌ಗಳದ್ದು ಒಂದು ಬಾಯಿಲೆಕ್ಕ ಇದೆ. ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಬೇಕು. 36,000 ಅಡಿ ಮೇಲಿದ್ದರೆ ದುಬೈಗೆ ಸುಮಾರು 200 ಕಿಲೋಮೀಟರ್ ಇರುವಾಗಲೇ ಇಳಿಯಲು ಶುರು ಮಾಡಬೇಕು. ಹಾಗೆ ಶುರು ಮಾಡುವ ಜಾಗಕ್ಕೆ ಅವರು 'ಟಾಪ್ ಆಫ್ ಡಿಸೆಂಟ್' ಅನ್ನುತ್ತಾರೆ. ಕೊನೆಗೆ ರನ್‌ವೇ ಎದುರು ಬಂದಾಗ ಇಳಿಜಾರು ಮೂರು ಡಿಗ್ರಿ ಮಾತ್ರ. ಕೂತವರಿಗೆ ಇಳಿಯುತ್ತಿದ್ದೇವೆ ಅಂತ ಗೊತ್ತೇ ಆಗದಷ್ಟು ಕಡಿಮೆ.

ಕಿವಿಯ ಸಂಗತಿ ಹೀಗಿದೆ. ವಿಮಾನ ಎಷ್ಟೇ ಮೇಲಿದ್ದರೂ ಒಳಗಿನ ಗಾಳಿಯನ್ನು ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಒತ್ತಡದಲ್ಲಿ ಇಟ್ಟಿರುತ್ತಾರೆ. ಇಳಿಯುವಾಗ ಒತ್ತಡ ನಿಧಾನವಾಗಿ ಏರುತ್ತದೆ. ಕಿವಿಯ ಒಳಗಡೆಗೂ ಗಾಳಿ ಹೋಗಿ ಸಮ ಆಗಬೇಕು. ಅದು ಹೋಗುವ ದಾರಿ ಗಂಟಲಿನಿಂದ ಕಿವಿಗಿರುವ ಸಣ್ಣ ಕೊಳವೆ. ಮೇಲೇರುವಾಗ ಗಾಳಿ ತಾನಾಗಿ ಹೊರಗೆ ಬಂದುಬಿಡುತ್ತದೆ, ಇಳಿಯುವಾಗ ಒಳಗೆ ಹೋಗಲು ಆ ಕೊಳವೆ ತೆರೆಯಬೇಕು, ನೆಗಡಿ ಇದ್ದರೆ ಸುಲಭವಾಗಿ ತೆರೆಯುವುದಿಲ್ಲ. ಅದಕ್ಕೇ ಹತ್ತುವಾಗ ಇಲ್ಲದ ನೋವು ಇಳಿಯುವಾಗ. ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವಾಗಲೂ ಇದೇ ಆಗುವುದು. ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ ಇಳಿಯುವುದಕ್ಕಿಂತ ದುಬೈ, ಮುಂಬೈಯಂಥ ಕಡಲ ಮಟ್ಟದ ಊರಲ್ಲಿ ಇಳಿಯುವಾಗ ಕಿವಿಗೆ ಕೆಲಸ ಜಾಸ್ತಿ. ಬೆಂಗಳೂರಿನ ವಿಮಾನ ನಿಲ್ದಾಣವೇ ಸುಮಾರು 3,000 ಅಡಿ ಎತ್ತರದಲ್ಲಿದೆಯಲ್ಲ!

ಡಿಸೆಂಟ್ ಅನ್ನುವ ಮಾತು ಕೇಳಿದ ತಕ್ಷಣ ನಿದ್ದೆ ಮಾಡಬೇಡಿ, ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆ. ಪೆಪ್ಪರ್‌ಮಿಂಟ್ ಚೀಪಿ, ಆಕಳಿಸಿ, ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ. ಜೋರಾಗಿ ಬೇಡ. ನೆಗಡಿ ಜೋರಾಗಿದ್ದರೆ ಹೊರಡುವ ಮೊದಲು ಡಾಕ್ಟರನ್ನು ಕೇಳಿ.

ಚಂದ್ರಯಾನ ಇಳಿಯುವಾಗ 'ಪವರ್ಡ್ ಡಿಸೆಂಟ್' ಅಂತಿದ್ದರು. ಪವರ್ ಇಲ್ಲದ ಡಿಸೆಂಟ್ ಕೂಡ ಇದೆಯಾ?
— 9ನೇ ತರಗತಿ ವಿದ್ಯಾರ್ಥಿ, ಚಳ್ಳಕೆರೆ

ಇದೆ. ಅದಕ್ಕೆ ಸಾದಾ ಕನ್ನಡದಲ್ಲಿ ಬೀಳುವುದು ಅನ್ನುತ್ತಾರೆ! ಭೂಮಿಯ ಮೇಲಾದರೆ ಗಾಳಿ ಇದೆ, ಪ್ಯಾರಾಶೂಟ್ ಬಿಚ್ಚಿದರೆ ಗಾಳಿಯೇ ತಡೆಯುತ್ತದೆ. ಚಂದ್ರನಲ್ಲಿ ಗಾಳಿ ಇಲ್ಲ. ಎಂಜಿನ್ ಉರಿಸಿಯೇ ವೇಗ ಕಡಿಮೆ ಮಾಡಬೇಕು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಹೋಗುತ್ತಿತ್ತು. ಅಲ್ಲಿಂದ ನೆಲ ಮುಟ್ಟುವವರೆಗಿನ ಸುಮಾರು 19 ನಿಮಿಷವೇ ಆ ಪವರ್ಡ್ ಡಿಸೆಂಟ್. ಕೊನೆಯಲ್ಲಿ ಒಂದಿಷ್ಟು ಹೊತ್ತು ಸುಮಾರು 150 ಮೀಟರ್ ಎತ್ತರದಲ್ಲಿ ತೇಲುತ್ತಾ ಕೆಳಗೆ ಗುಂಡಿ, ಬಂಡೆ ಇದೆಯಾ ಅಂತ ನೋಡಿಕೊಂಡಿತು. 2019ರ ಸೆಪ್ಟೆಂಬರ್ 7ರ ಚಂದ್ರಯಾನ-2ರಲ್ಲಿ ಡಿಸೆಂಟ್ ಶುರುವಾಗಿತ್ತು, 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಾಗಿಯೇ ಇತ್ತು ಅಂತ ಇಸ್ರೋ ಹೇಳಿತ್ತು, ಆದರೆ ಸಾಫ್ಟ್ ಲ್ಯಾಂಡಿಂಗ್ ಆಗಲಿಲ್ಲ. ಡಿಸೆಂಟ್ ಬೇರೆ, ಲ್ಯಾಂಡಿಂಗ್ ಬೇರೆ ಅನ್ನುವುದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಆ ರಾತ್ರಿ ಕೂತಿದ್ದವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಡಾರ್ವಿನ್ ಮನುಷ್ಯನ ಬಗ್ಗೆ ಬರೆದ ಪುಸ್ತಕಕ್ಕೆ 'ಡಿಸೆಂಟ್ ಆಫ್ ಮ್ಯಾನ್' ಅಂತ ಯಾಕೆ ಹೆಸರಿಟ್ಟ? ಮನುಷ್ಯ ಏರಿ ಬಂದವನಲ್ಲವೇ, ಇಳಿದವನಾ?
— ಪಿಯು ಉಪನ್ಯಾಸಕರು, ಧಾರವಾಡ

ಇಲ್ಲಿಂದ ಪದದ ಎರಡನೇ ಮನೆ ಶುರು. 1871ರಲ್ಲಿ ಬಂದ ಆ ಪುಸ್ತಕದ ಡಿಸೆಂಟ್‌ಗೆ ಕೆಳಗೆ ಬೀಳುವ ಅರ್ಥ ಇಲ್ಲ. ಅದು ವಂಶ, ಪೀಳಿಗೆ, ಯಾರಿಂದ ಬಂದೆವು ಅನ್ನುವ ಲೆಕ್ಕ. ವಂಶವೃಕ್ಷ ಬರೆಯುವಾಗ ಅಜ್ಜನನ್ನು ಮೇಲೆ ಬರೆದು ಮೊಮ್ಮಕ್ಕಳನ್ನು ಕೆಳಗೆ ಬರೆಯುತ್ತೇವಲ್ಲ, ಆ ಗೆರೆ ಹಿಡಿದು ಕೆಳಗೆ ಬಂದರೆ ಅದೇ ಡಿಸೆಂಟ್. 1859ರ 'ಆರಿಜಿನ್ ಆಫ್ ಸ್ಪೀಷೀಸ್' ಪುಸ್ತಕದಲ್ಲೂ ಅವನ ಮಾತು 'ಡಿಸೆಂಟ್ ವಿತ್ ಮಾಡಿಫಿಕೇಶನ್' ಅಂತಲೇ ಇದೆ, ಪೀಳಿಗೆಯಿಂದ ಪೀಳಿಗೆಗೆ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಬರುವುದು ಅಂತ. ಆದ್ದರಿಂದ 'ಮಾನವನ ಅವರೋಹಣ', 'ಮಾನವನ ಇಳಿತ' ಎಂದೆಲ್ಲ ದಯವಿಟ್ಟು ನೋಟ್ಸಿನಲ್ಲಿ ಬರೆಸಬೇಡಿ. 'ಮಾನವನ ಹುಟ್ಟು' ಅಥವಾ 'ಮಾನವನ ವಂಶ' ಸಾಕು. ಹಾಗೇ ಇನ್ನೊಂದನ್ನೂ ಹೇಳಿಬಿಡಿ, ಇವತ್ತು ಮರದ ಮೇಲಿರುವ ಮಂಗಗಳು ನಮ್ಮ ಅಜ್ಜಂದಿರಲ್ಲ. ಅವಕ್ಕೂ ನಮಗೂ ತುಂಬಾ ಹಿಂದೆ ಒಬ್ಬರೇ ಪೂರ್ವಜರಿದ್ದರು, ಅಷ್ಟೇ. ದಾಯಾದಿಗಳು ಅನ್ನಿ ಬೇಕಾದರೆ.

ವ್ಯಾಕರಣದ ಒಂದು ಮಾತು. ವಂಶ ಹೇಳುವಾಗ 'ಈಸ್ ಡಿಸೆಂಡೆಡ್ ಫ್ರಮ್' ಅನ್ನುವುದೇ ರೂಢಿ. 'ಐ ಡಿಸೆಂಡೆಡ್ ಫ್ರಮ್ ಮುಳ್ಳಯ್ಯನಗಿರಿ' ಅಂದರೆ ಬೆಟ್ಟ ಇಳಿದೆ. 'ಐ ಆಮ್ ಡಿಸೆಂಡೆಡ್ ಫ್ರಮ್ ಮುಳ್ಳಯ್ಯನಗಿರಿ' ಅಂದರೆ ಬೆಟ್ಟವೇ ನಿಮ್ಮ ಮುತ್ತಜ್ಜ.

ಚಿಕ್ಕಪ್ಪ ಸಾಗರದಲ್ಲಿದ್ದಾರೆ. ಮನೆ ರಿಪೇರಿಗೆ ಅಂತ ಎರಡು ಲಕ್ಷ ಕೊಡೋಣ ಅಂದುಕೊಂಡೆ. ನೀವು 'ಲೀನಿಯಲ್ ಡಿಸೆಂಡೆಂಟ್' ಅಲ್ಲ, ಅವರಿಗೆ ಟ್ಯಾಕ್ಸ್ ಬೀಳುತ್ತೆ ಅಂದರು ಆಡಿಟರ್. ನನ್ನನ್ನು ಎತ್ತಿ ಆಡಿಸಿದ ಚಿಕ್ಕಪ್ಪನಿಗೆ ನಾನು ಏನೂ ಅಲ್ಲವಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಬೇಜಾರು ಮಾಡಿಕೊಳ್ಳಬೇಡಿ, ಕಾನೂನಿಗೆ ಕರುಳು ಇಲ್ಲ, ಗೆರೆ ಮಾತ್ರ ಇದೆ. ಲೀನಿಯಲ್ ಅಂದರೆ ನೇರ ಗೆರೆ. ಅಪ್ಪ, ಅಜ್ಜ, ಮುತ್ತಜ್ಜ ಮೇಲಿನ ಗೆರೆ, ಅವರು ಅಸೆಂಡೆಂಟ್. ಮಗ, ಮಗಳು, ಮೊಮ್ಮಗು ಕೆಳಗಿನ ಗೆರೆ, ಡಿಸೆಂಡೆಂಟ್. ಅಣ್ಣನ ಮಗ ಪಕ್ಕದ ಗೆರೆಯಿಂದ ಇಳಿದವನು.

ಆದಾಯ ತೆರಿಗೆ ಕಾನೂನಿನಲ್ಲಿ ಸಂಬಂಧಿಕರಿಂದ ಬಂದ ಉಡುಗೊರೆಗೆ ತೆರಿಗೆ ಇಲ್ಲ. ಬೇರೆಯವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತವೂ ತೆಗೆದುಕೊಂಡವರ ಆದಾಯಕ್ಕೆ ಸೇರುತ್ತದೆ. ಯಾರು ಸಂಬಂಧಿಕರು ಅನ್ನುವುದನ್ನು ಹಣ ತೆಗೆದುಕೊಳ್ಳುವವರ ಕಡೆಯಿಂದ ನೋಡುತ್ತಾರೆ, ಸ್ವಾರಸ್ಯ ಇರುವುದು ಇಲ್ಲೇ. ನಿಮಗೆ ಚಿಕ್ಕಪ್ಪ ಎರಡು ಲಕ್ಷ ಕೊಟ್ಟರೆ ತೆರಿಗೆ ಇಲ್ಲ, ಯಾಕೆಂದರೆ ಅಪ್ಪ ಅಮ್ಮನ ಒಡಹುಟ್ಟಿದವರು ಪಟ್ಟಿಯಲ್ಲಿದ್ದಾರೆ. ಅದೇ ಚಿಕ್ಕಪ್ಪನಿಗೆ ನೀವು ಕೊಟ್ಟರೆ ತೆರಿಗೆ ಇದೆ, ಅಣ್ಣನ ಮಗ ಆ ಪಟ್ಟಿಯಲ್ಲಿ ಇಲ್ಲ. ಅವರು ನಿಮ್ಮ ಸಂಬಂಧಿ, ನೀವು ಅವರ ಸಂಬಂಧಿ ಅಲ್ಲ! ಇದು ನನಗಂತೂ ಅನ್ಯಾಯ ಅನ್ನಿಸುತ್ತದೆ. ಉಡುಗೊರೆ ಬದಲು ಸಾಲ ಅಂತ ಬ್ಯಾಂಕ್ ಮೂಲಕ ಕೊಟ್ಟು ಪತ್ರ ಮಾಡಿಕೊಳ್ಳಬಹುದಾ ಅಂತ ಅದೇ ಆಡಿಟರನ್ನು ಕೇಳಿ.

ನಮ್ಮ ತುಳುನಾಡಿನ ಅಳಿಯಸಂತಾನಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?
— ಓದುಗರು, ಕಾಪು

'ಮ್ಯಾಟ್ರಿಲೀನಿಯಲ್ ಡಿಸೆಂಟ್'. ಗೆರೆ ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ ಇಳಿಯುತ್ತದೆ. ಬಯಲುಸೀಮೆಯ ಓದುಗರಿಗೆ ಹೇಳುವುದಾದರೆ, ಇಲ್ಲಿ ಅಳಿಯ ಅಂದರೆ ಮಗಳ ಗಂಡ ಅಲ್ಲ, ಅಕ್ಕತಂಗಿಯ ಮಗ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ 'ಕವರು' ಅನ್ನುವ ನಿಮ್ಮೂರಿನ ಪದವನ್ನೇ ಇಂಗ್ಲಿಷಿನೊಳಗೆ ಇಟ್ಟಿದ್ದಾರೆ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಬಂದ ಅವಳ ಎಲ್ಲ ಡಿಸೆಂಡೆಂಟ್‌ಗಳು ಸೇರಿ ಒಂದು ಕವರು. ಅನುವಾದ ಮಾಡಲು ಹೋಗದೆ ಹಾಗೇ ಉಳಿಸಿದ್ದು ಒಳ್ಳೆಯದೇ ಆಯಿತು.

ನಾವಿಬ್ಬರೂ ಭಾರತದ ಪಾಸ್‌ಪೋರ್ಟಿನವರು. ಇಲ್ಲೇ ಮಗು ಹುಟ್ಟಿದೆ. ಫಾರಂನಲ್ಲಿ 'ಸಿಟಿಜನ್‌ಶಿಪ್ ಬೈ ಡಿಸೆಂಟ್' ಅಂತ ಇದೆ, 'ಬೈ ಬರ್ತ್' ಯಾಕಿಲ್ಲ?
— ಕನ್ನಡಿಗ ದಂಪತಿ, ದುಬೈ

ಮಗು ಹುಟ್ಟಿದ್ದು ಭಾರತದ ನೆಲದಲ್ಲಲ್ಲ, ಅದಕ್ಕೆ. 1955ರ ಪೌರತ್ವ ಕಾಯ್ದೆಯಲ್ಲಿ ನೆಲದಿಂದ ಬರುವ ಪೌರತ್ವ 3ನೇ ಸೆಕ್ಷನ್, ಅಪ್ಪ ಅಮ್ಮನಿಂದ ಬರುವುದು 4ನೇ ಸೆಕ್ಷನ್. 1992ರ ಡಿಸೆಂಬರ್ 10ಕ್ಕೆ ಮೊದಲು ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಅಪ್ಪ ಭಾರತೀಯನಾಗಿದ್ದರೆ ಮಾತ್ರ ಇದು ಸಿಗುತ್ತಿತ್ತು, ಅಮ್ಮನದ್ದು ಲೆಕ್ಕಕ್ಕಿರಲಿಲ್ಲ. ಆಮೇಲೆ ಇಬ್ಬರಲ್ಲಿ ಒಬ್ಬರು ಸಾಕು ಅಂತಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಂದು ಷರತ್ತು ಸೇರಿದೆ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಮಾಡಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ನೀವು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ನಾಮಕರಣದ ಗಡಿಬಿಡಿಯಲ್ಲಿ ಇದನ್ನು ಮುಂದೆ ಹಾಕಬೇಡಿ.

ನನ್ನ ಟೀಮ್ ಲೀಡ್ 'ಡೋಂಟ್ ಬಿ ಕಂಡಿಸೆಂಡಿಂಗ್' ಅಂತ ಮೇಲ್ ಹಾಕಿದ್ದಾರೆ. ಡಿಕ್ಷನರಿಯಲ್ಲಿ 'ದಯೆ ತೋರು, ಸೌಜನ್ಯದಿಂದ ನಡೆ' ಅಂತಿದೆ. ಹೊಗಳಿದ್ದಾ, ಬೈದದ್ದಾ?
— ಓದುಗರು, ಹುಬ್ಬಳ್ಳಿ

ಬೈದದ್ದು. ನಿಮ್ಮ ಡಿಕ್ಷನರಿ ಹಳೆಯದು. ದೊಡ್ಡ ಮನೆತನದವರು ತಮ್ಮ ಅಂತಸ್ತು ಬಿಟ್ಟು ಕೆಳಗಿಳಿದು ಬಡವರ ಜೊತೆ ಮಾತಾಡುವುದು ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ದೊಡ್ಡ ಗುಣ. ಆಗ ಅದು ಹೊಗಳಿಕೆ. ಈಗ ಯಾರಿಗೂ ತಮ್ಮನ್ನು ಕೆಳಗಿನವರು ಅನ್ನಿಸಿಕೊಳ್ಳುವುದು ಬೇಕಿಲ್ಲ. ಹಾಗಾಗಿ 'ನಾನು ಬಲ್ಲವನು, ನಿನಗೂ ಅರ್ಥವಾಗಲಿ ಅಂತ ಬಿಡಿಸಿ ಹೇಳುತ್ತಿದ್ದೇನೆ ಮರಿ' ಅನ್ನುವ ಧಾಟಿಗೆ ಈ ಮಾತು. ನೀವು ಏನು ಬರೆದಿದ್ದಿರಿ ಅಂತ ತಿಳಿಸಿಲ್ಲ. 'ಐ ಹೋಪ್ ದಿಸ್ ಈಸ್ ಸಿಂಪಲ್ ಎನಫ್ ಫಾರ್ ಯು' ಥರದ್ದು ಏನಾದರೂ ಇದ್ದರೆ ತೆಗೆದುಬಿಡಿ.

'ಅವತಾರ' ಅನ್ನುವುದಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ 'ಡಿಸೆಂಟ್' ಅಂತ ಕೊಟ್ಟಿರುತ್ತಾರೆ, ಸರಿಯೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಶೃಂಗೇರಿ

ಸರಿ. 'ಅವ' ಅಂದರೆ ಕೆಳಗೆ, 'ತೃ' ಅಂದರೆ ದಾಟು. ಮೇಲಿನಿಂದ ದಾಟಿ ಕೆಳಗೆ ಬಂದದ್ದು. ಕೆದರಿದ ತಲೆ ನೋಡಿ ಅಮ್ಮ 'ಏನೋ ಇದು ನಿನ್ನ ಅವತಾರ' ಅನ್ನುವುದಕ್ಕೆ ಮಾತ್ರ ಡಿಸೆಂಟ್ ಹಾಕಲಾಗದು.

ನೀವು ಸಂಸ್ಕೃತ ಬಲ್ಲವರು ಅಂತ ಇನ್ನೊಂದು ಹೇಳುತ್ತೇನೆ. ಡಿಸೆಂಡ್‌ನ ಲ್ಯಾಟಿನ್ ಮೂಲ 'ಸ್ಕಂದೆರೆ', ಹತ್ತು ಅಂತ ಅರ್ಥ. ಅದಕ್ಕೆ 'ದೆ' ಸೇರಿದರೆ ಇಳಿ. ಭಾಷಾವಿಜ್ಞಾನಿಗಳು ಇದನ್ನು ಸಂಸ್ಕೃತದ 'ಸ್ಕಂದತಿ', ಅಂದರೆ ನೆಗೆಯುತ್ತಾನೆ ಅನ್ನುವುದರ ನೆಂಟ ಅನ್ನುತ್ತಾರೆ. ಕುಕ್ಕೆಯ ಸ್ಕಂದನ ಹೆಸರೂ ಅದೇ ಧಾತುವಿನದು. 'ಸ್ಕ್ಯಾನ್' ಕೂಡ ಅದೇ ಮನೆಯದು. ಮೊದಲು ಅದರ ಅರ್ಥ ಪದ್ಯಕ್ಕೆ ಪ್ರಸ್ತಾರ ಹಾಕುವುದು, ಆಸ್ಪತ್ರೆಗೆ ಬಂದದ್ದು ತೀರಾ ಈಚೆಗೆ.

ಅಪ್ಪನ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಡಿಸೆಂಡಿಂಗ್ ಕೋಲನ್ ಅನ್‌ರಿಮಾರ್ಕಬಲ್' ಅಂತಿದೆ. ಕರುಳು ಜಾರಿದೆಯಾ? ಡಾಕ್ಟರ್ ಸೋಮವಾರ ಸಿಗುತ್ತಾರೆ, ಅಲ್ಲಿಯವರೆಗೆ ನಿದ್ದೆ ಇಲ್ಲ.
— ಓದುಗರು, ರಾಯಚೂರು

ಈ ಸಾಲಿಗೆ ಹೆದರಬೇಡಿ. ದೊಡ್ಡ ಕರುಳು ಹೊಟ್ಟೆಯ ಬಲಗಡೆ ಮೇಲೇರಿ, ಅಡ್ಡ ಹಾದು, ಎಡಗಡೆ ಇಳಿಯುತ್ತದೆ. ಆ ಎಡಗಡೆಯ ತುಂಡಿನ ಹೆಸರೇ ಡಿಸೆಂಡಿಂಗ್ ಕೋಲನ್, ಎಲ್ಲರಿಗೂ ಇರುತ್ತದೆ. 'ಅನ್‌ರಿಮಾರ್ಕಬಲ್' ಅಂದರೆ ಹೇಳುವಂಥದ್ದು ಏನೂ ಕಾಣಲಿಲ್ಲ ಅಂತ. ಉಳಿದದ್ದನ್ನು ಡಾಕ್ಟರ್ ಹೇಳಲಿ.

ಇದೇ ಥರ ಕೊಪ್ಪಳದ ಒಬ್ಬ ತಾಯಿ ಗಂಡು ಮಗುವಿನ ಡಿಸ್ಚಾರ್ಜ್ ಚೀಟಿಯಲ್ಲಿ 'ಅನ್‌ಡಿಸೆಂಡೆಡ್ ಟೆಸ್ಟಿಸ್' ಅಂತ ಇದ್ದದ್ದನ್ನು ಕೇಳಿದ್ದಾರೆ. ಒಂದು ಬೀಜ ಇನ್ನೂ ಕೆಳಗೆ ಇಳಿದಿಲ್ಲ ಅಂತ ಅರ್ಥ. ಎಷ್ಟೋ ಮಕ್ಕಳಿಗೆ ಆರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಮಕ್ಕಳ ಸರ್ಜನ್‌ಗೆ ತೋರಿಸಬೇಕು, ಆಪರೇಷನ್ ಬೇಕಾದರೆ ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಮಾಡುತ್ತಾರೆ. ದೊಡ್ಡವನಾದ ಮೇಲೆ ನೋಡೋಣ ಅಂತ ಬಿಡಬೇಡಿ ಅಮ್ಮಾ, ಮನೆಯಲ್ಲಿ ಹಿರಿಯರು ಏನೇ ಅನ್ನಲಿ.

ಎಕ್ಸೆಲ್‌ನಲ್ಲಿ 'ಡಿಸೆಂಡಿಂಗ್' ಒತ್ತಿದರೆ 9, 85, 700 ಅಂತ ಬರುತ್ತಿದೆ. ಇಳಿಕೆ ಕ್ರಮ ಅಂದರೆ ದೊಡ್ಡದು ಮೊದಲಲ್ಲವೇ?
— ಸೊಸೈಟಿ ಗುಮಾಸ್ತ, ಅರಸೀಕೆರೆ

ಹೌದು, 700 ಮೊದಲು ಬರಬೇಕು. ನಿಮ್ಮ ಅಂಕಿಗಳು ಅಂಕಿಗಳಾಗಿ ಇಲ್ಲ, ಅಕ್ಷರಗಳಾಗಿ ಕೂತಿವೆ. ಅದಕ್ಕೇ ಅದು ಮೊದಲ ಅಕ್ಷರ 9, ಆಮೇಲೆ 8, ಆಮೇಲೆ 7 ಅಂತ ಜೋಡಿಸಿದೆ. ಸೆಲ್ಲಿನ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಕಾಣಬಹುದು. ಇಡೀ ಕಾಲಂ ಆರಿಸಿ, ಪಕ್ಕದಲ್ಲಿ ಬರುವ ಹಳದಿ ಗುರುತು ಒತ್ತಿ 'ಕನ್ವರ್ಟ್ ಟು ನಂಬರ್' ಕೊಡಿ, ಆಮೇಲೆ ಮತ್ತೆ ಡಿಸೆಂಡಿಂಗ್ ಒತ್ತಿ. ತಾರೀಕಿನ ಕಾಲಂಗೆ ಡಿಸೆಂಡಿಂಗ್ ಕೊಟ್ಟರೆ ಹೊಸದು ಮೇಲೆ, ಹಳೆಯದು ಕೆಳಗೆ ಬರುತ್ತದೆ. ಸೊಸೈಟಿಯ ಬಾಕಿ ಪಟ್ಟಿಗೆ ಅದು ಉಲ್ಟಾ ಬೇಕಾಗುತ್ತದೆ, ಹಳೆ ಬಾಕಿದಾರರು ಮೇಲೆ ಬರಲಿ ಅಂದರೆ ಅಸೆಂಡಿಂಗ್ ಕೊಡಿ.